ಪತ್ರಾಸಿನ ಜಿನ್ನು

ರಾಯಚೂರು ಸೀಮೆಯ ಎರೆಹೊಲಗಳ ನಡುವೆ ಹಳೆಯ ಹತ್ತಿ ಜಿನ್ನು, ಅಂದರೆ ಅರಳೆಯಿಂದ ಕಾಳು ಬಿಡಿಸುವ ಕಾರ್ಖಾನೆ, ಕಣ್ಣಿಗೆ ಬಿದ್ದಾಗಲೆಲ್ಲ ನಾನು ಗಾಡಿ ನಿಲ್ಲಿಸುತ್ತೇನೆ. ಗೋಡೆಯೂ ಮಾಡೂ ಪತ್ರಾಸಿನದೇ, ಅಂದರೆ ಕಬ್ಬಿಣದ ತಗಡಿನದೇ ಆದ, ತುಕ್ಕು ಹಿಡಿದು ಇಟ್ಟಿಗೆಯ ಬಣ್ಣಕ್ಕೆ ತಿರುಗಿದ ಅದನ್ನು ನಮ್ಮಲ್ಲಿ ಯಾರೂ ಪರಂಪರೆಯ ಕಟ್ಟಡವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲವೆಂಬುದು ನನ್ನ ಬಹುದಿನದ ಕೊರಗು.

ಈ ಅಲೆಅಲೆಯಾದ ಕಬ್ಬಿಣದ ತಗಡಿಗೆ ಲಂಡನ್ನಿನ ಹೆನ್ರಿ ರಾಬಿನ್ಸನ್ ಪಾಮರ್ 1829ರಲ್ಲಿ ಪೇಟೆಂಟ್ ಪಡೆದರು. ಆ ಅಲೆಯೇ ಅದರ ಬಲ. ಸಪಾಟು ಹಾಳೆ ಬಾಗುವ ಕಡೆ ಇದು ಸೆಟೆದು ನಿಲ್ಲುವುದರಿಂದ ಕೆಲವೇ ತೊಲೆಗಳ ಮೇಲೆ ವಿಶಾಲವಾದ ಮಾಡನ್ನು ಹೊದಿಸಬಹುದು, ಮೇಲಿನ ಸತುವಿನ ಲೇಪ ತುಕ್ಕನ್ನು ಬಹುಕಾಲ ತಡೆಯುತ್ತದೆ. 1871ರಲ್ಲಿ ಮುಂಬಯಿ ಮತ್ತು ಮದ್ರಾಸಿನ ರೈಲು ಹಳಿಗಳು ರಾಯಚೂರಿನಲ್ಲಿ ಕೂಡಿದವು. ಹತ್ತಿ ಹೊರಗೆ ಹೋಗುವುದೂ ಇಂಥ ಸಾಮಾನು ಒಳಗೆ ಬರುವುದೂ ಸುಲಭವಾಯಿತು.

ಆದರೆ ಜಿನ್ನೆಂದರೆ ತಗಡಷ್ಟೇ ಅಲ್ಲ. ಸುಗ್ಗಿಯಲ್ಲಿ ಹತ್ತಿ ತುಂಬಿದ ಚಕ್ಕಡಿಗಳು ಸಾಲುಗಟ್ಟಿ ನಿಲ್ಲುತ್ತಿದ್ದವು, ಒಳಗೆ ಸುತ್ತುವ ಚರ್ಮದ ರೋಲರು ಅರಳೆಯನ್ನು ಎಳೆದುಕೊಂಡು ಕಾಳನ್ನು ಕೆಳಗೆ ಬಿಡುತ್ತಿತ್ತು, ಬಾಯಿಗೆ ಸೆರಗು ಕಟ್ಟಿಕೊಂಡ ಹೆಣ್ಣುಮಕ್ಕಳು ಕಾದ ಪತ್ರಾಸಿನ ಕೆಳಗೆ ದೂಳು ಕುಡಿಯುತ್ತ ದುಡಿಯುತ್ತಿದ್ದರು. ಅವರ ಕೆಮ್ಮನ್ನು ಮರೆತು ಈ ಕಟ್ಟಡದ ಚೆಲುವನ್ನು ಮಾತ್ರ ಹೊಗಳುವುದು ನನಗೆ ಸರಿಯೆನಿಸುವುದಿಲ್ಲ. ಹತ್ತಿಕಾಳು ಊರಿನ ಎತ್ತು, ಎಮ್ಮೆಗಳ ಬಾನಿಗೆ ಹೋಗುತ್ತಿತ್ತು; ಜಿನ್ನಿನ ಬಾಗಿಲಲ್ಲೇ ಚಹಾದಂಗಡಿ, ಕಮ್ಮಾರಸಾಲೆ ಬೆಳೆದಿದ್ದವು.

ಕಳೆದ ಬೇಸಿಗೆಯಲ್ಲಿ ನಾನು ಬಲ್ಲ ಒಂದು ಜಿನ್ನನ್ನು ಬಿಚ್ಚಿ, ತಗಡುಗಳನ್ನು ತೂಕದ ಲೆಕ್ಕದಲ್ಲಿ ಗುಜರಿಗೆ ಹಾಕಿದರು. ಚಹಾದಂಗಡಿ ಮಾತ್ರ ಇನ್ನೂ ಅಲ್ಲೇ ಇದೆ, ಅದೇ ಜಿನ್ನಿನ ನಾಲ್ಕು ಪತ್ರಾಸುಗಳನ್ನು ಹೊದ್ದುಕೊಂಡು.