ಇಲಿ ಪ್ರಾಜೆಕ್ಟ್, ನಾಲ್ಕನೇ ತಿಂಗಳು: ಸೊನ್ನೆ ಬಂತು, ಅದೂ ಸರಿಯಾದ ಸೊನ್ನೆ ಅಲ್ಲ

ಫಲಿತಾಂಶ ಬಂತು. 43 ಪ್ರಾಣಿಗಳಲ್ಲಿ 43 ನೆಗೆಟಿವ್. ನಾವು ಹುಡುಕುತ್ತಿರುವ, ಇಲಿಗಳಿಂದ ಮನುಷ್ಯರಿಗೆ ಹರಡಬಲ್ಲ ಹಂಟಾ ವೈರಸ್ ಒಂದರಲ್ಲೂ ಇಲ್ಲ. ಲ್ಯಾಬಿನಲ್ಲಿ ಎಲ್ಲರ ಮುಖ ಸಪ್ಪಗಾಯಿತು. ನನಗೆ ಮಾತ್ರ ಒಳಗೊಳಗೇ ಖುಷಿ. ನಾವು ಬೋನು ಇಡುವ ಶೆಡ್ಡಿನ ಪಕ್ಕದಲ್ಲೇ ಮಲ್ಲಪ್ಪ ಕಾಕಾನ ಮನೆ. ಅವರ ಹೆಂಡತಿ, ನಮ್ಮ ಕಾಕು, ದಿನಾ ರೊಟ್ಟಿ ಬಡಿಯುವುದೂ ಅಲ್ಲೇ. ಅಲ್ಲಿ ವೈರಸ್ ಇಲ್ಲ ಅಂದರೆ ಒಳ್ಳೇದೇ ಅಲ್ವಾ? ಆ ಖುಷಿ ಇದ್ದದ್ದು ಎರಡೇ ದಿನ.

ಹೊಸದಾಗಿ ಓದುವವರಿಗೆ ಸ್ವಲ್ಪ ಹಿನ್ನೆಲೆ. ಪುಣೆಯಿಂದ ಮುಳಶಿ ಕಡೆ ಹೋಗುವಾಗ ಪೌಡ್ ದಾಟಿದ ಮೇಲೆ ಭತ್ತದ ಗದ್ದೆಗಳು ಸಿಗುತ್ತವೆ. ಅಲ್ಲಿ ಒಂದು ತೋಟ ಕಾಯುವವರು ಇಂಡಿ ಕಡೆಯ ಮಲ್ಲಪ್ಪ ಕಾಕಾ. ಸಂಜೆ ಬೋನು ಇಡುತ್ತೇವೆ, ಬಿಸಿಲೇರುವ ಮುಂಚೆ ಎತ್ತುತ್ತೇವೆ. ಒಳಗೆ ಹುರಿದ ಶೇಂಗಾ. ಪುಸ್ತಕದಲ್ಲಿ ಪೀನಟ್ ಬಟರ್ ಅಂತ ಇದೆ, ಆದರೆ ಕಾಕುವಿನ ಶೇಂಗಾ ಹಿಂಡಿಗೇ ಇಲಿ ಜಾಸ್ತಿ ಬಿದ್ದವು. ಕೆಂಪಿರುವೆಯೂ ಜಾಸ್ತಿ ಬಂತು, ಅದು ಬೇರೆ ಮಾತು.

ಹಂಟಾ ಇರುವ ಇಲಿಗೆ ಕಾಯಿಲೆ ಕಾಣಿಸುವುದಿಲ್ಲ. ಆರಾಮಾಗಿ ಓಡಾಡಿಕೊಂಡಿರುತ್ತದೆ. ಆದರೆ ಅದರ ಉಚ್ಚೆ, ಹಿಕ್ಕೆ, ಜೊಲ್ಲಿನಲ್ಲಿ ವೈರಸ್ ಹೊರಬೀಳುತ್ತದೆ. ಒಣಗಿದ ಮೇಲೆ ಧೂಳಿನ ಜೊತೆ ಮೂಗಿಗೆ ಹೋದರೆ ಮನುಷ್ಯರಿಗೆ ಅಪಾಯ. ಹಾಗಾಗಿ ಶೆಡ್ಡಿನಲ್ಲಿ ಒಣ ಪೊರಕೆ ಹಾಕಬೇಡಿ, ಮೊದಲು ಬ್ಲೀಚ್ ನೀರು ಚಿಮುಕಿಸಿ ಅಂತ ಕಾಕುಗೆ ಮೊದಲ ದಿನವೇ ಹೇಳಿದ್ದೆ. ಕೇಳಿದರು. ನಮ್ಮ ಹುಡುಗರಿಗಿಂತ ಚೆನ್ನಾಗಿ ಕೇಳಿದರು.

ಈಗ ತಪ್ಪಿನ ಕಥೆ. ಶ್ವಾಸಕೋಶದ ಚೂರಿನಿಂದ ಆರ್‌ಎನ್‌ಎ ತೆಗೆದು, ಅದನ್ನು ಡಿಎನ್‌ಎ ಮಾಡಿ, ವೈರಸ್ಸಿನ ಒಂದು ತುಂಡನ್ನು ಪಿಸಿಆರ್‌ನಲ್ಲಿ ಹುಡುಕುತ್ತೇವೆ. ತುಂಡು ಸಿಕ್ಕರೆ ಜೆಲ್ ಮೇಲೆ ಒಂದು ಗೆರೆ ಕಾಣುತ್ತದೆ. ಪರೀಕ್ಷೆ ಕೆಲಸ ಮಾಡುತ್ತಿದೆಯಾ ಅಂತ ನೋಡಲು, ಪಾಸಿಟಿವ್ ಕಂಟ್ರೋಲ್ ಅಂತ ಕೃತಕವಾಗಿ ಮಾಡಿಸಿದ ತುಂಡನ್ನೂ ಜೊತೆಗೆ ಓಡಿಸಿದ್ದೆ. ಅದರ ಗೆರೆ ಲಕಲಕ ಹೊಳೆಯಿತು. ಪರೀಕ್ಷೆ ಸರಿಯಾಗಿದೆ ಅಂದುಕೊಂಡೆ. ಮೇಡಂ ಕೇಳಿದ್ದು ಒಂದೇ ಪ್ರಶ್ನೆ: "ಇಲಿಯ ಗೆರೆ ಎಲ್ಲಿ?"

ಅಂದರೆ ಬೀಟಾ ಆಕ್ಟಿನ್. ಇಲಿಯ ಪ್ರತಿ ಜೀವಕೋಶದಲ್ಲೂ ಇರುವ, ಇಲಿಯದ್ದೇ ಜೀನು. ವೈರಸ್ ಇರಲಿ ಬಿಡಲಿ, ಇದರ ಆರ್‌ಎನ್‌ಎ ಸಿಗಲೇಬೇಕು. ನಾನು ಅದನ್ನು ಮೊದಲ ಐದು ಸ್ಯಾಂಪಲ್‌ಗೆ ಮಾತ್ರ ನೋಡಿ, ರೀಏಜೆಂಟ್ ಉಳಿಸೋಣ ಅಂತ ಬಿಟ್ಟಿದ್ದೆ. ಈಗ 43ಕ್ಕೂ ಓಡಿಸಿದೆ. ಗೆರೆ ಬಂದದ್ದು 17ಕ್ಕೆ. ಉಳಿದ 26ರಲ್ಲಿ ಇಲಿಯ ಆರ್‌ಎನ್‌ಎಯೇ ಇಲ್ಲ, ಇನ್ನು ವೈರಸ್ಸಿನದು ಎಲ್ಲಿ ಸಿಗಬೇಕು?

ಫ್ರೀಜರ್ ತೆಗೆದು ಟ್ಯೂಬುಗಳನ್ನು ಐಸ್ ಮೇಲೆ ಸಾಲಾಗಿ ಇಟ್ಟೆ. ಮೊದಲ ಐದರಲ್ಲಿ ಅಕ್ಕಿಕಾಳಿನಷ್ಟು ಚೂರು. ಆಮೇಲಿನವು ದಪ್ಪಗಾಗುತ್ತಾ ಹೋಗಿವೆ. ಗದ್ದೆಯಲ್ಲಿ ಕೆಲಸ ಜಾಸ್ತಿಯಾದ ದಿನಗಳಲ್ಲಂತೂ ಗೋಡಂಬಿ ಗಾತ್ರ. ಒಂದನ್ನು ಅಡ್ಡಕ್ಕೆ ಕೊಯ್ದೆ. ಹೊರಗೆ ಗಟ್ಟಿ, ತಿಳಿ ಬಣ್ಣ. ನಡುವೆ ಮೆತ್ತಗೆ, ಕಪ್ಪುಗೆಂಪು. ಆರ್‌ಎನ್‌ಎ ಕೆಡದಂತೆ ಕಾಯುವ ಆರ್‌ಎನ್‌ಎಲೇಟರ್ ದ್ರಾವಣ ಒಳಗೆ ಇಳಿದೇ ಇಲ್ಲ. ಚೂರಿನ ಒಂದು ಬದಿಯಾದರೂ ಅರ್ಧ ಸೆಂಟಿಮೀಟರಿಗಿಂತ ತೆಳ್ಳಗಿರಬೇಕು, ದ್ರಾವಣ ಚೂರಿನ ಐದು ಪಟ್ಟು ಇರಬೇಕು ಅಂತ ಬಾಟಲಿ ಜೊತೆಗಿನ ಕಾಗದದಲ್ಲೇ ಬರೆದಿದೆ. ಓದಿದ್ದೆ ಕೂಡ. ಬೆಳಗ್ಗೆ ಆರಕ್ಕೆ, ಎರಡು ಗ್ಲೌಸ್, ಮಾಸ್ಕ್, ಮಂಜು ಹಿಡಿದ ಕನ್ನಡಕ. ಬೇಗ ಮುಗಿದರೆ ಸಾಕು ಅನ್ನಿಸುತ್ತದೆ.

ಇದರಿಂದ ಎಷ್ಟು ನಷ್ಟ? ಒಂದು ಸುಲಭ ಲೆಕ್ಕ ಇದೆ. ಎಲ್ಲವೂ ನೆಗೆಟಿವ್ ಆದಾಗ 3ನ್ನು ಪ್ರಾಣಿಗಳ ಸಂಖ್ಯೆಯಿಂದ ಭಾಗಿಸಬೇಕು. 43 ನೆಗೆಟಿವ್ ಅಂದರೆ ಆ ಜಾಗದ ಇಲಿಗಳಲ್ಲಿ ಹೆಚ್ಚೆಂದರೆ ಸುಮಾರು 7 ಶೇಕಡಕ್ಕೆ ವೈರಸ್ ಇರಬಹುದು ಅಂತ 95 ಶೇಕಡ ಭರವಸೆಯಿಂದ ಹೇಳಬಹುದಿತ್ತು. 17 ಆದರೆ ಅದು 18 ಶೇಕಡ ಹತ್ತಿರ. ಆರರಲ್ಲಿ ಒಂದು ಇಲಿಗೆ ವೈರಸ್ ಇದ್ದರೂ ನನ್ನ ಸೊನ್ನೆಗೆ ಅದು ಗೊತ್ತಾಗದೇ ಹೋಗಬಹುದು. ಇದನ್ನು ಹಿಡಿದುಕೊಂಡು ಕಾಕುಗೆ "ಏನೂ ಇಲ್ಲ" ಅಂತ ಹೇಳೋಕೆ ಹೊರಟಿದ್ದೆ.

ಭತ್ತದ ಕೊಯ್ಲು ಮುಗಿದು ಇಲಿಗಳು ಬಣವಿ, ಶೆಡ್ಡು ಸೇರಿದ್ದವು. ಮತ್ತೆ ನಾಲ್ಕು ರಾತ್ರಿ ಬೋನು ಇಟ್ಟೆವು. 14 ಸಿಕ್ಕವು. ಈ ಸಲ ಪ್ರತಿ ಚೂರನ್ನೂ ಸ್ಕೇಲ್ ಪಕ್ಕ ಇಟ್ಟೇ ಕೊಯ್ದೆ. 13ರಲ್ಲಿ ಆಕ್ಟಿನ್ ಬಂತು, ವೈರಸ್ ಬರಲಿಲ್ಲ. ಒಟ್ಟು 30 ನಂಬುವಂಥ ನೆಗೆಟಿವ್, ಮಿತಿ 10 ಶೇಕಡ. ಸದ್ಯ ನನ್ನ ಹತ್ತಿರ ಇರುವುದು ಇಷ್ಟೇ.

ಇನ್ನೊಂದು ವಿಷಯ ಈ ಸಲವೇ ತಲೆಗೆ ಹೋಯಿತು. ಎರಡನೇ ಬೆಳಗ್ಗೆ ಬೋನಿನ ಬಾಗಿಲು ತೆಗೆಯುವ ಮೊದಲೇ ಗಮ್ಮಂತ ಒಂಥರಾ ಕಸ್ತೂರಿ ನಾತ. ಕಾಕಾ ದೂರದಿಂದಲೇ ಅಂದರು, "ಅದು ಇಲಿ ಅಲ್ಲ ಯವ್ವಾ, ಸುಂಡಿಲಿ. ಬೆಕ್ಕ ಸೈತ ಮುಟ್ಟಂಗಿಲ್ಲ." ಸರಿಯೇ. ಉದ್ದ ಮೂತಿ, ಸಣ್ಣ ಕಣ್ಣು, ಸಾಲು ಚೂಪು ಹಲ್ಲು. ಸುಂಡಿಲಿ ಇಲಿಯ ಜಾತಿಯೇ ಅಲ್ಲ. ನಮ್ಮ ಅನುಮತಿ ಪತ್ರದಲ್ಲಿ ಇಲಿ, ಹೆಗ್ಗಣ ಮಾತ್ರ ಇರುವುದರಿಂದ ನಾಲ್ಕು ತಿಂಗಳಿಂದ ಸಿಕ್ಕ ಸುಂಡಿಲಿಗಳನ್ನೆಲ್ಲ ಬಿಟ್ಟು ಕಳಿಸುತ್ತಾ ಬಂದಿದ್ದೆ.

ತಮಾಷೆ ಏನು ಗೊತ್ತಾ? ಭಾರತದಲ್ಲಿ ಹಂಟಾ ಗುಂಪಿನ ವೈರಸ್ ಮೊದಲು ಸಿಕ್ಕಿದ್ದೇ ಸುಂಡಿಲಿಯಲ್ಲಿ. 1964ರಲ್ಲಿ, ವೆಲ್ಲೂರಿನಲ್ಲಿ. ಅಲ್ಲಿನ ತೊಟ್ಟಪಾಳ್ಯಂ ಹೆಸರನ್ನೇ ಅದಕ್ಕೆ ಇಟ್ಟರು. ಅದು ಹಂಟಾ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ, ಯಾಕಂದರೆ ಆ ಗುಂಪೇ ಇನ್ನೂ ಇರಲಿಲ್ಲ. ಕೊರಿಯಾದ ಹೋ ವಾಂಗ್ ಲೀ ಹೊಲದಿಲಿಯ ಶ್ವಾಸಕೋಶದಲ್ಲಿ, ಗುಂಪಿಗೆ ಹೆಸರು ಕೊಟ್ಟ ಹಂಟಾನ್ ವೈರಸ್ ಕಂಡದ್ದು 1976ರಲ್ಲಿ. ನಾನು ಸಾಗರದವಳು. 1957ರಲ್ಲಿ ನಮ್ಮ ಪಕ್ಕದ ಸೊರಬದ ಕ್ಯಾಸನೂರು ಕಾಡಿನ ಮಂಗನ ಕಾಯಿಲೆಯ ವೈರಸ್ ಪತ್ತೆ ಮಾಡಿದ್ದು ಇದೇ ಪುಣೆಯ ವೈರಸ್ ಸಂಶೋಧನಾ ಸಂಸ್ಥೆ ಅಂತ ಊರಿಗೆ ಹೋದಾಗೆಲ್ಲ ಜಂಬ ಕೊಚ್ಚುತ್ತೇನೆ. ಸುಂಡಿಲಿ ಕಥೆ ಮಾತ್ರ ಓದಿ ಮರೆತುಬಿಟ್ಟಿದ್ದೆ.

ಪ್ರಾಣಿಗಳ ಮೇಲಿನ ಸಂಶೋಧನೆಗೆ ಅನುಮತಿ ಕೊಡುವ ಎಥಿಕ್ಸ್ ಕಮಿಟಿಗೆ ಸುಂಡಿಲಿಗಾಗಿ ಹೊಸ ಅರ್ಜಿ ಹಾಕಿದ್ದೇವೆ. ಎಷ್ಟು ಬೇಕು, ಯಾಕೆ ಅಷ್ಟೇ ಬೇಕು ಅಂತ ಕೇಳಿ ವಾಪಸ್ ಕಳಿಸಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. 30 ಅಂತ ಬರೆದು, ಮೇಲಿನ ಲೆಕ್ಕವನ್ನೇ ಕೊಟ್ಟಿದ್ದೇನೆ. ಹಾಳಾಗುವ ಸ್ಯಾಂಪಲ್‌ಗೆ ಅಂತ ಜಾಸ್ತಿ ಕೇಳಿಲ್ಲ. ಹಾಗೆ ಕೇಳಲು ಮುಖ ಇರಲಿಲ್ಲ.

ನಿನ್ನೆ ಬೆಳಗ್ಗೆ ಕಾಕಾ ಫೋನ್ ಮಾಡಿದ್ದರು. ಕಾಕು ಒಣಮೀನು ಇಟ್ಟಿದ್ದ ಡಬ್ಬಿ ಹತ್ತಿರ ಒಂದು ಬೋನು ಬಿಟ್ಟು ಬಂದಿದ್ದೆವಂತೆ. ಒಂದೇ ರಾತ್ರಿಗೆ ಎರಡು ಸುಂಡಿಲಿ.

"ಇಟಗೊಳ್ಳಲೇನು?"

"ಬೇಡ ಕಾಕಾ, ಬಿಟ್ಟುಬಿಡಿ. ಕಾಗದ ಇನ್ನೂ ಬಂದಿಲ್ಲ. ಕೈಗೆ ಗ್ಲೌಸ್ ಹಾಕ್ಕೊಳ್ಳಿ."