ಪ್ರತಿಯೂ ಕೆಟ್ಟಿದ್ದರೆ?

ನನ್ನ ಸಂಗ್ರಹದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಡಿಜಿಟಲ್ ಫೋಟೊಗಳಿದ್ದು, ಹೆಚ್ಚಿನವು ರಾ ಕಡತಗಳಾದ್ದರಿಂದ (ಕ್ಯಾಮೆರಾ ಸೆರೆಹಿಡಿದ ಮೂಲ ದತ್ತಾಂಶವನ್ನು ಹಾಗೆಯೇ ಇಡುವ ದೊಡ್ಡ ಕಡತಗಳು) ಒಟ್ಟು ಗಾತ್ರ 3 ಟೆರಾಬೈಟ್ ದಾಟಿದೆ. ಹಾರ್ಡ್ ಡಿಸ್ಕ್ ಒಂದು ದಿನ ಏಕಾಏಕಿ ನಿಂತುಹೋದೀತು ಎಂಬ ಭಯವೊಂದೇ ನನ್ನನ್ನು ಬಹುಕಾಲ ಕಾಡುತ್ತಿತ್ತು. ನಷ್ಟ ಬಂದದ್ದು ಬೇರೆ ದಾರಿಯಿಂದ. ಹನ್ನೆರಡು ವರ್ಷ ಹಳೆಯ ಫೋಲ್ಡರೊಂದನ್ನು ತೆರೆದಾಗ, ಅಜ್ಜಿಯ ಚಿತ್ರದಲ್ಲಿ ಹಣೆಯವರೆಗೆ ಎಲ್ಲವೂ ಸರಿಯಾಗಿದ್ದು, ಅದರ ಕೆಳಗೆ ಬರಿಯ ಬೂದು ಬಣ್ಣವಿತ್ತು. ಎರಡನೆಯ ಡಿಸ್ಕಿನಲ್ಲಿದ್ದ ಪ್ರತಿಯೂ ಹಾಗೆಯೇ ಇತ್ತು.

ಆ ಚಿತ್ರ ಇದ್ದದ್ದು ಜೆಪೆಗ್ ಎಂಬ ಕುಗ್ಗಿಸಿದ ರೂಪದಲ್ಲಿ. ಜೆಪೆಗ್ ಕಡತದಲ್ಲಿ ದತ್ತಾಂಶವನ್ನು ಒತ್ತೊತ್ತಾಗಿ, ಒಂದರ ಬೆನ್ನಿಗೆ ಒಂದರಂತೆ ಜೋಡಿಸಿರುವುದರಿಂದ, ನಡುವೆ ಒಂದೇ ಒಂದು ಬಿಟ್ ಬದಲಾದರೂ ಮುಂದಿನದೆಲ್ಲ ಹಾಳಾಗಬಹುದು. ಹೀಗೆ ಕೆಟ್ಟ ಕಡತವನ್ನು ಬ್ಯಾಕಪ್ ತಂತ್ರಾಂಶವು ಅಷ್ಟೇ ನಿಷ್ಠೆಯಿಂದ ನಕಲು ಮಾಡುತ್ತದೆ. ಹಲವು ಡಿಸ್ಕುಗಳನ್ನು ಒಂದಾಗಿ ಬಳಸುವ ರೇಡ್ ವ್ಯವಸ್ಥೆ ಒಂದು ಡಿಸ್ಕಿನ ಸಾವನ್ನು ತಾಳಿಕೊಂಡೀತೇ ಹೊರತು ಕೈತಪ್ಪಿ ಅಳಿಸಿದ್ದನ್ನು ಮರಳಿಸದು; ಎಲ್ಲ ಸಾಧನಗಳಲ್ಲೂ ಕಡತಗಳನ್ನು ಒಂದೇ ಸಮ ಇಡುವ ಸಿಂಕ್ ಸೇವೆಯಂತೂ ಅಳಿಸಿದ್ದನ್ನು ಎಲ್ಲ ಕಡೆಯೂ ಅಳಿಸುತ್ತದೆ.

ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಸ್ಥಳದಲ್ಲಿ ಎಂಬ 3-2-1 ನಿಯಮವನ್ನು ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದರು. ಅದನ್ನು ನಾನೂ ಪಾಲಿಸುತ್ತೇನೆ, ಆದರೆ ಪ್ರತಿಗಳ ಎಣಿಕೆಗಿಂತ ಅವುಗಳ ಪರಿಶೀಲನೆಯೇ ಮುಖ್ಯವೆಂದು ಈಗ ದೃಢವಾಗಿ ನಂಬಿದ್ದೇನೆ. ಕ್ಯಾಮೆರಾದ ಕಾರ್ಡಿನಿಂದ ಫೋಟೊಗಳನ್ನು ಇಳಿಸಿಕೊಂಡ ದಿನವೇ ಪ್ರತಿ ಕಡತಕ್ಕೂ ಎಸ್‌ಎಚ್‌ಎ-256 ಚೆಕ್‌ಸಮ್ ಲೆಕ್ಕಹಾಕಿ ಬರೆದಿಡುತ್ತೇನೆ; ಇದು ಕಡತದ ಬೆರಳಚ್ಚಿನಂಥ ಸಂಖ್ಯೆ, ಕಡತದಲ್ಲಿ ಒಂದು ಬಿಟ್ ಬದಲಾದರೂ ಬೇರೆಯಾಗುತ್ತದೆ. ಆರು ತಿಂಗಳಿಗೊಮ್ಮೆ ಮೂರೂ ಪ್ರತಿಗಳ ಮೇಲೆ ಅದೇ ಲೆಕ್ಕವನ್ನು ಮತ್ತೆ ಮಾಡಿ, ಹೊಂದದ ಕಡತದ ಜಾಗಕ್ಕೆ ಹೊಂದುವ ಪ್ರತಿಯನ್ನು ತರುತ್ತೇನೆ. ಇದು ನಡೆಯಬೇಕಾದರೆ ಮೂಲ ಕಡತವನ್ನು ಯಾವ ತಂತ್ರಾಂಶವೂ ಮುಟ್ಟಕೂಡದು. ಆದ್ದರಿಂದ ಶೀರ್ಷಿಕೆ, ಗುರುತುಪದ, ಬಣ್ಣದ ತಿದ್ದುಪಡಿಗಳೆಲ್ಲ ಪ್ರತ್ಯೇಕ ಎಕ್ಸ್‌ಎಂಪಿ ಕಡತಕ್ಕೆ ಹೋಗುವಂತೆ ಹೊಂದಿಸಿದ್ದೇನೆ. ಝಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆಯನ್ನು ಬಳಸುವವರಿಗೆ ಅದರ ಸ್ಕ್ರಬ್ ಎಂಬ ತಪಾಸಣೆ ಈ ಕೆಲಸದ ಬಹುಭಾಗವನ್ನು ತಾನೇ ಮಾಡಿಕೊಡುತ್ತದೆ. ಎಸ್‌ಎಸ್‌ಡಿಯನ್ನು (ಚಿಪ್ಪುಗಳಲ್ಲಿ ದತ್ತಾಂಶ ಇಡುವ ಡ್ರೈವ್) ಮಾತ್ರ ವರ್ಷಗಟ್ಟಲೆ ವಿದ್ಯುತ್ತಿಲ್ಲದೆ ಪೆಟ್ಟಿಗೆಯಲ್ಲಿಡಬಾರದು; ಅದರ ಕೋಶಗಳಲ್ಲಿನ ವಿದ್ಯುದಂಶ ನಿಧಾನವಾಗಿ ಸೋರಿಹೋಗುತ್ತದೆ.

ಅಜ್ಜಿಯ ಆ ಚಿತ್ರದ ರಾ ಕಡತ ನನ್ನಲ್ಲಿರಲಿಲ್ಲ. ಜೆಪೆಗ್ ಕಡತದ ತಲೆಭಾಗದಲ್ಲಿ ಕ್ಯಾಮೆರಾ ಸೇರಿಸಿದ್ದ 160×120 ಪಿಕ್ಸೆಲ್‌ಗಳ ಕಿರುಚಿತ್ರ ಮಾತ್ರ ಹಾನಿಯಾಗದೆ ಉಳಿದಿತ್ತು. ಅದನ್ನು ಹೊರತೆಗೆದು, ಅದಕ್ಕೂ ಚೆಕ್‌ಸಮ್ ಬರೆದು, ಮೂರು ಕಡೆ ಇಟ್ಟಿದ್ದೇನೆ.