ಅಮ್ಮನ ನಂಬರು ಒಂಬತ್ತು

ಜಗಲಿಯ ಮೂಲೆಯಲ್ಲಿ ಎಲೆ-ಅಡಿಕೆಯ ಕವಳದ ತಬಕು ಇರುತ್ತಿದ್ದ ಜಾಗ ಈಗಲೂ ಖಾಲಿಯೇ ಇದೆ. ಬೇರೆ ಏನನ್ನೂ ಯಾರೂ ಅಲ್ಲಿ ಇಟ್ಟಿಲ್ಲ. ಬಂದ ನೆಂಟರು ಅಭ್ಯಾಸದಿಂದ ಆ ಕಡೆ ಕೈ ಚಾಚುತ್ತಾರೆ. ಆಮೇಲೆ ನೆನಪಾಗಿ ಕೈಯನ್ನು ಮೊಣಕಾಲ ಮೇಲೆ ಇಟ್ಟುಕೊಳ್ಳುತ್ತಾರೆ.

ನಮ್ಮದು ಸಾಗರದ ಕಡೆ ಒಂದೂವರೆ ಎಕರೆ ಅಡಿಕೆ ತೋಟ. ಅಪ್ಪಯ್ಯನ ಎಡಗೆನ್ನೆಯ ಒಳಗೆ ಹುಣ್ಣು ಕಾಣಿಸಿದ್ದು ಕೊಯ್ಲಿನ ಹೊತ್ತಿಗೆ. "ಸುಲಿತ ಮುಗೀಲಿ, ಆಮೇಲೆ ತೋರಿಸಿದ್ರಾಯ್ತು" ಅಂತ ಎರಡು ತಿಂಗಳು ತಳ್ಳಿದ. ನಲವತ್ತು ವರ್ಷದ ಕವಳ, ಹೊಗೆಸೊಪ್ಪು ಸೇರಿಸಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಬರೀ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಮೊದಲನೇ ಗುಂಪಿಗೆ ಸೇರಿಸಿದೆ. ಸಾಗರದ ಪೇಟೆಯಲ್ಲಿ ನಿಂತು ಈ ಮಾತು ಆಡಿದರೆ ಜಗಳವಾಗುತ್ತದೆ. ನಾನೂ ಅಡಿಕೆ ದುಡ್ಡಲ್ಲೇ ಓದಿದವನು, ಹಾಗಾಗಿ ಆ ಜಗಳಕ್ಕೆ ಇಲ್ಲಿ ಕೈ ಹಾಕುವುದಿಲ್ಲ. ಆದರೆ ಅಪ್ಪಯ್ಯನ ಮನಸ್ಸಿನೊಳಗೆ ಆ ಜಗಳ ನಡೆಯುತ್ತಲೇ ಇತ್ತು. ಅದು ನಮಗೆ ಗೊತ್ತಾಗಿದ್ದು ತಡವಾಗಿ.

ಬಯಾಪ್ಸಿ ರಿಪೋರ್ಟ್ ಕೊಟ್ಟ ಆಸ್ಪತ್ರೆಯಲ್ಲಿ ಯಾರೂ ನಮ್ಮನ್ನು ಕೂರಿಸಿ ಮಾತಾಡಿಸಲಿಲ್ಲ. ಕಾರಿಡಾರಿನಲ್ಲಿ ನಡೆಯುತ್ತಾ ನಡೆಯುತ್ತಾ ವಿಷಯ ಹೇಳಿದರು. "ಪೇಶಂಟಿಗೆ ಹೇಳ್ಬೇಡಿ, ಧೈರ್ಯ ಕಳ್ಕೋತಾರೆ" ಅಂದಿದ್ದು ಮಾತ್ರ ಚೆನ್ನಾಗಿ ಕೇಳಿಸಿತು. ನಾವು ಅದನ್ನೇ ಹಿಡಿದುಕೊಂಡೆವು. ಅಪ್ಪಯ್ಯನಿಗೆ "ಹುಣ್ಣು ಕೆಟ್ಟಿದೆ, ತೆಗೀಬೇಕಂತೆ" ಎಂದೆವು. ಫೈಲನ್ನು ನಾನು ಬಟ್ಟೆ ಚೀಲದ ತಳದಲ್ಲಿ ಅಡಗಿಸಿಟ್ಟೆ. ಅಮ್ಮ ಅಳುವುದಾದರೆ ಕೊಟ್ಟಿಗೆಗೆ ಹೋಗುತ್ತಿದ್ದಳು. ಎಮ್ಮೆಗೆ ಎಲ್ಲಾ ಗೊತ್ತಿತ್ತು, ಅಪ್ಪಯ್ಯನಿಗೆ ಗೊತ್ತಿಲ್ಲ ಅಂತ ನಾವು ಅಂದುಕೊಂಡಿದ್ದೆವು.

ಆಪರೇಷನ್ ಆಯ್ತು. ಆಮೇಲೆ ರೇಡಿಯೇಷನ್‌ಗೆ ಘಟ್ಟದ ಕೆಳಗಿನ ಇನ್ನೊಂದು ಆಸ್ಪತ್ರೆ. ಒಟ್ಟು 30 ಸಲ, ಸೋಮವಾರದಿಂದ ಶುಕ್ರವಾರ, ಅಂದರೆ ಆರು ವಾರ. ಹತ್ತಿರದಲ್ಲೇ ಒಂದು ಬಾಡಿಗೆ ಕೋಣೆ, ಒಂದು ಸ್ಟೌ, ಒಂದು ಚಾಪೆ, ಒಂದು ಮಂಚ.

ಅಲ್ಲಿ ಮೊದಲು ಮುಖಕ್ಕೆ ಮಾಸ್ಕ್ ಮಾಡುತ್ತಾರೆ. ಬಿಸಿನೀರಿನಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಬಲೆಯನ್ನು ಮುಖದ ಮೇಲೆ ಎಳೆದು ಅಚ್ಚು ತೆಗೆಯುತ್ತಾರೆ. ಆರಿದರೆ ಅದು ಗಟ್ಟಿ. ದಿನಾ ಅದನ್ನು ಹಾಕಿ ಮೇಜಿಗೆ ಬಿಗಿಯುತ್ತಾರೆ, ತಲೆ ಒಂಚೂರೂ ಅಲುಗಬಾರದಲ್ಲ. ಆಮೇಲೆ ಎಲ್ಲರೂ ಹೊರಗೆ ಬರುತ್ತಾರೆ. ಒಳಗೆ ರೋಗಿ ಒಬ್ಬನೇ, ಮೆಷಿನ್ನಿನ ಸದ್ದು ಒಂದೇ. ಮೊದಲ ದಿನ ಎರಡೇ ನಿಮಿಷಕ್ಕೆ ಅಪ್ಪಯ್ಯ ಕೈ ಎತ್ತಿಬಿಟ್ಟ. ಎರಡನೇ ದಿನ ಮೇಜು ಹತ್ತಲೇ ಇಲ್ಲ. ಮರದ ತುದಿಯಲ್ಲಿ ನಿಂತು ಇನ್ನೊಂದು ಮರಕ್ಕೆ ಜೀಕಿಕೊಂಡು ಹೋಗುತ್ತಿದ್ದ ಮನುಷ್ಯ, ಒಂದು ಪ್ಲಾಸ್ಟಿಕ್ ಬಲೆಗೆ ಹೆದರಿ ನಡುಗುತ್ತಿದ್ದ.

ಟೆಕ್ನಿಷಿಯನ್ ಹುಡುಗ ನಮ್ಮನ್ನು ಕೌನ್ಸೆಲರ್ ಹತ್ತಿರ ಕಳಿಸಿದ. ಅಮ್ಮನಿಗೆ ಸಿಟ್ಟು ಬಂತು. "ಇವರಿಗೇನು ತಲೆ ಕೆಟ್ಟಿದ್ಯಾ?" ನನಗೂ ಒಳಗೊಳಗೆ ಹಾಗೇ ಅನ್ನಿಸಿತ್ತು ಅನ್ನಿ.

ಸಣ್ಣ ವಯಸ್ಸಿನ ಹುಡುಗಿ. ಧೈರ್ಯವಾಗಿರಿ ಅಂತ ಒಂದು ಸಲವೂ ಹೇಳಲಿಲ್ಲ. ಅದಕ್ಕೇ ನನಗೆ ಇಷ್ಟವಾಯ್ತು. ಕಾಯಿಲೆ ಬಿಟ್ಟು ತೋಟದ ವಿಚಾರ ಕೇಳಿದಳು. ಎಷ್ಟು ಮರ, ಮನೆಯಿಂದ ತೋಟಕ್ಕೆ ಎಷ್ಟು ಮೆಟ್ಟಿಲು, ಮೊದಲು ಸಿಗುವುದು ಯಾವ ಮರ. ಉಸಿರನ್ನು ನಿಧಾನ ಒಳಗೆ ಎಳೆದು, ಅದಕ್ಕಿಂತ ನಿಧಾನ ಬಿಡುವುದನ್ನು ಕಲಿಸಿದಳು. ಮಾಸ್ಕನ್ನು ಕೈಗೆ ಕೊಟ್ಟು ಅರ್ಧ ಗಂಟೆ ಹಾಗೇ ಹಿಡಿದುಕೊಳ್ಳಲು ಬಿಟ್ಟಳು. "ಅಜ್ಜಾ, ನಾಳೆ ಮಲಗಿದ ಕೂಡಲೇ ಕಣ್ಣು ಮುಚ್ಚಿ ತೋಟಕ್ಕೆ ಇಳಿದುಬಿಡಿ. ಒಂದೊಂದೇ ಮರ ಮುಟ್ಟಿ ಬನ್ನಿ" ಎಂದಳು.

ಮಾರನೇ ದಿನ ಅಪ್ಪಯ್ಯ ಹೊರಗೆ ಬಂದಾಗ ಮುಖದ ಮೇಲೆ ಬಲೆಯ ಚೌಕಳಿ ಗುರುತು. ಬಾಯಿ ಸರಿಯಾಗಿ ತಿರುಗುತ್ತಿರಲಿಲ್ಲ. ಆದರೂ ಹೇಳಿದ: "ಐವತ್ತೆರಡು ಮರ ಆಯ್ತು. ಮೂರನೇ ಸಾಲಲ್ಲಿ ಒಂದಕ್ಕೆ ಸುಳಿಕೊಳೆ ಬಂದಂಗಿದೆ, ನೋಡ್ಬೇಕು."

ಒಂದು ವಾರದ ಮೇಲೆ ಅವಳು ಮೂವರನ್ನೂ ಕರೆದಳು. ಒಂದು ಹಾಳೆಯ ಮೇಲೆ ಜ್ವರ ನೋಡುವ ಥರ್ಮಾಮೀಟರ್ ಚಿತ್ರ, ಕೆಳಗೆ 0, ಮೇಲೆ 10. ಕಳೆದ ಒಂದು ವಾರದಲ್ಲಿ ಮನಸ್ಸಿನ ಸಂಕಟ ಎಷ್ಟಿತ್ತು ಅಂತ ಗುರುತು ಹಾಕಬೇಕು. ಡಿಸ್ಟ್ರೆಸ್ ಥರ್ಮಾಮೀಟರ್ ಅಂತ ಹೆಸರಂತೆ. 4 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಸುಮ್ಮನೆ ಬಿಡಬಾರದು, ಕೂರಿಸಿ ವಿಚಾರಿಸಬೇಕು. ಅಪ್ಪಯ್ಯ 3 ಹಾಕಿದ. ನಾನು 2 ಹಾಕಿದೆ, ಸುಳ್ಳು. ಅಮ್ಮ ಪೆನ್ನು ಹಿಡಿದು ತುಂಬಾ ಹೊತ್ತು ಕೂತು 9 ಹಾಕಿದಳು.

"ಅಮ್ಮಾ, ನಿನ್ನೆ ರಾತ್ರಿ ಏನು ಊಟ ಮಾಡಿದ್ರಿ?"

ಅಮ್ಮ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ನಾನು ಬಿಲ್ಲು, ರಸೀದಿ, ಬಸ್ಸಿನ ಟೈಮು, ಅಪ್ಪಯ್ಯನ ಮೂಗಿನ ನಳಿಗೆಗೆ ಎಷ್ಟು ಮಿಲಿ ಗಂಜಿ ಹೋಯ್ತು ಅನ್ನುವುದನ್ನೆಲ್ಲಾ ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ಅಮ್ಮನ ತಟ್ಟೆ ಆ ಪುಸ್ತಕದಲ್ಲಿ ಇರಲಿಲ್ಲ. ಹದಿನೈದು ದಿನದಿಂದ ಅವಳು ನಳಿಗೆಗೆ ಸೋಸಿ ಉಳಿದ ಗಂಜಿಯ ಗಷ್ಟನ್ನೇ ಉಪ್ಪು ಹಾಕಿಕೊಂಡು ತಿನ್ನುತ್ತಿದ್ದಳು. "ಇವರ ಮುಂದೆ ಕೂತು ನಾನು ಸಾರು ಅನ್ನ ಕಲಸಿ ಉಣ್ಣೋದು ಹೇಗೆ?" ರಾತ್ರಿ ಉಸಿರು ನಿಂತರೆ ಅಂತ ಮಂಚದ ಕಾಲಿಗೆ ಒರಗಿ ಕೂತೇ ಇರುತ್ತಿದ್ದಳಂತೆ. ಅದೇ ಕೋಣೆಯಲ್ಲಿ ನಾನು ಗೊರಕೆ ಹೊಡೆಯುತ್ತಿದ್ದೆ.

ಆಗ ಅಪ್ಪಯ್ಯ ಹಾಳೆ ಎಳೆದುಕೊಂಡ. ಹಿಂಬದಿಯಲ್ಲಿ ಬರೆದ. ಅವನ ಅಕ್ಷರ ಮೊದಲೇ ದುಂಡು. "ಕ್ಯಾನ್ಸರ್ ಅಂತ ನನಗೆ ಮೊದಲ ದಿನವೇ ಗೊತ್ತು. ನಿಮಗೆ ಬೇಜಾರಾಗುತ್ತೆ ಅಂತ ಸುಮ್ಮನಿದ್ದೆ." ಕೆಳಗೆ ಇನ್ನೊಂದು ಸಾಲು: "ನಾನೇ ಬೆಳೆದಿದ್ದು, ನಾನೇ ತಿಂದಿದ್ದು. ಯಾರಿಗೆ ಬೈಯಲಿ?"

ಊರಿಗೆ ಬಂದ ಮೇಲೆ, ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡ ಹೇಳಿದ. ಆಪರೇಷನ್ನಿಗೆ ಹೋಗುವ ಹಿಂದಿನ ದಿನ ಅಪ್ಪಯ್ಯ ಅವನನ್ನು ಕರೆದು, "ಮುಂದಿನ ಕೊಯ್ಲಿಗೆ ಮಾಣಿ ಹತ್ರ ಕೇಳು, ಅವನಿಗೆ ಲೆಕ್ಕ ಬರಲ್ಲ, ಮೋಸ ಮಾಡ್ಬೇಡ ಮಾರಾಯ" ಅಂದಿದ್ದನಂತೆ. ಮಾಣಿ ಅಂದರೆ ನಾನು. ಮನೆಯಲ್ಲಿ ಮೂವರೂ ಒಬ್ಬರಿಂದೊಬ್ಬರು ಅಡಗಿಸಿಟ್ಟ ವಿಷಯ ತೋಟದಲ್ಲಿ ಎಲ್ಲರಿಗೂ ಗೊತ್ತಿತ್ತು.

ಆ ಹಾಳೆಯ ನಂತರ ಕಾಯಿಲೆ ಹಗುರವೇನೂ ಆಗಲಿಲ್ಲ. ನಾಲ್ಕನೇ ವಾರ ಬಾಯಿ ತುಂಬಾ ಹುಣ್ಣು, ಕತ್ತು ಸುಟ್ಟ ಹಾಗೆ ಕಪ್ಪು. ಆದರೆ ಫೈಲು ಮೇಲೆ ಬಂತು. ಅಮ್ಮ ಅವನ ಎದುರಿಗೇ ಅತ್ತಳು. ಅವಳ ಊಟದ ಹೊತ್ತಿಗೆ ಅಪ್ಪಯ್ಯ ಬೇಕಂತಲೇ ಹೊರಗಿನ ಬೆಂಚಿನ ಮೇಲೆ ಹೋಗಿ ಕೂರುವುದು ಅಂತ ಕರಾರಾಯಿತು. ರಾತ್ರಿ ಪಾಳಿ ನನ್ನದು.

ಮನೆಗೆ ಬಂದ ಮೇಲೆ ನೋಡಲು ಬರುವವರ ಕಾಟ ಶುರುವಾಯಿತು. ಹಾರ್ಲಿಕ್ಸ್ ಬಾಟ್ಲಿ ತರುತ್ತಾರೆ, ಜೊತೆಗೆ ಇದೇ ಕಾಯಿಲೆಯಲ್ಲಿ ಸತ್ತ ಯಾರದೋ ಕಥೆಯನ್ನೂ ತರುತ್ತಾರೆ. ಒಬ್ಬರು ಹೇಳಿದರು, "ಮನಸ್ಸು ಗಟ್ಟಿ ಇದ್ರೆ ವಾಪಸ್ ಬರಲ್ಲ." ಅಂದರೆ ವಾಪಸ್ ಬಂದರೆ ಅದೂ ಅಪ್ಪಯ್ಯನದೇ ತಪ್ಪಾ? ನನಗೆ ಆ ಮಾತು ಕೇಳಿದರೆ ಈಗಲೂ ಮೈ ಉರಿಯುತ್ತದೆ.

ನಾನು ಕುಸಿದಿದ್ದು ಎಲ್ಲಾ ಮುಗಿದ ಮೇಲೆ, ಮಳೆಗಾಲದಲ್ಲಿ. ನಿದ್ದೆ ಇಲ್ಲ, ಕಾರಣವಿಲ್ಲದೆ ಹೆಂಡತಿ ಮೇಲೆ ರೇಗಾಟ. ಒಂದು ರಾತ್ರಿ ಛತ್ರಿ ಹಿಡಿದು, ನೆಟ್‌ವರ್ಕ್ ಸಿಗುವ ಧರೆ ಹತ್ತಿ 14416ಕ್ಕೆ ಫೋನ್ ಮಾಡಿದೆ. ಟೆಲಿ ಮಾನಸ್, ಕೇಂದ್ರ ಸರ್ಕಾರ 2022ರಲ್ಲಿ ಶುರು ಮಾಡಿದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ರಕ್ತ ಹೀರುವ ಇಂಬಳ ಕಾಲಿಗೆ ಹತ್ತುತ್ತಾ ಇತ್ತು. ಇಪ್ಪತ್ತು ನಿಮಿಷ ಮಾತಾಡಿದೆ. ಆ ಕಡೆಯವರು ಜಾಸ್ತಿ ಏನೂ ಹೇಳಲಿಲ್ಲ, ಕೇಳಿಸಿಕೊಂಡರು. ಥರ್ಮಾಮೀಟರಿನಲ್ಲಿ 2 ಹಾಕಿದ್ದು ಸುಳ್ಳು ಅಂತ ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಅಲ್ಲೇ.

ಈಗ ಎರಡು ತಿಂಗಳಿಗೊಮ್ಮೆ ಚೆಕಪ್. ಅಪ್ಪಯ್ಯ ಬಾಯಿ ಅಗಲಿಸಲು ಐಸ್‌ಕ್ರೀಮ್ ಕಡ್ಡಿಗಳನ್ನು ಹಲ್ಲಿನ ನಡುವೆ ಒಂದೊಂದಾಗಿ ಸೇರಿಸಿ ಕೂರುತ್ತಾನೆ. ಚೆಕಪ್ಪಿನ ಹಿಂದಿನ ದಿನ ಮನೆಯಲ್ಲಿ ಯಾರಿಗೂ ಕಾಫಿ ರುಚಿಸುವುದಿಲ್ಲ. ಮೊನ್ನೆಯೂ ಹಾಗೇ. ಅಪ್ಪಯ್ಯ ಕಡ್ಡಿ ತೆಗೆದು ಕೇಳಿದ, "ಎಷ್ಟೇ ನಿನ್ನ ನಂಬರು?"

ಅಮ್ಮ ಲೋಟ ಎತ್ತಿಕೊಂಡು ಒಳಗೆ ಹೋಗುತ್ತಾ ಹೇಳಿದಳು, "ಆರು. ನೀವು ಪದೇ ಪದೇ ಕೇಳದೆ ಇದ್ರೆ ಐದು."